ಕಪಾಟಿನಲ್ಲಿರುವ ಪುಸ್ತಕ ಕೈಗೆ ಬರುವುದು ಹೇಗೆ?

ಮಕ್ಕಳೇ, ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲ ಶುರುವಾಗುವ ಹೊತ್ತಿಗೆ ಅಡಿಕೆ ತೋಟಗಳಲ್ಲಿ ಒಂದು ಕೆಲಸ ಭರದಿಂದ ನಡೆಯುತ್ತದೆ. ನೀಲಿ ಬಣ್ಣದ ಮೈಲುತುತ್ತನ್ನು ನೀರಿನಲ್ಲಿ ಕರಗಿಸುತ್ತಾರೆ. ಇನ್ನೊಂದು ಪಾತ್ರೆಯಲ್ಲಿ ಸುಣ್ಣವನ್ನು ಕಲಸುತ್ತಾರೆ. ಎರಡನ್ನೂ ಬೆರೆಸಿ ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಾರೆ. ಇದಕ್ಕೆ 'ಮದ್ದು ಬಿಡುವುದು' ಎಂದು ಹೇಳುವುದು ನಿಮಗೆ ಗೊತ್ತು. ಕೊಳೆರೋಗ ಬಾರದಿರಲಿ ಎಂದು ಈ ಮದ್ದು.

ಇದನ್ನು ನೋಡಿದ ಒಬ್ಬ ವಿದ್ಯಾರ್ಥಿನಿಗೆ ಒಂದು ಪ್ರಶ್ನೆ ಹುಟ್ಟಿತು ಎಂದುಕೊಳ್ಳೋಣ. "ರೋಗ ತಡೆಯುವುದು ಮೈಲುತುತ್ತು ಆದರೆ ಅದಕ್ಕೆ ಸುಣ್ಣ ಏಕೆ ಬೆರೆಸಬೇಕು?" ಒಳ್ಳೆಯ ಪ್ರಶ್ನೆ. ಉತ್ತರ ಬಹುಶಃ ಅವಳ ಶಾಲೆಯ ಕಪಾಟಿನಲ್ಲೇ ಇದೆ. ಆದರೆ ಆ ಕಪಾಟಿನಲ್ಲಿ 1000 ಪುಸ್ತಕಗಳಿವೆ. ಉತ್ತರವಿರುವ ಪುಸ್ತಕ ಯಾವುದು? ಅದು ಯಾವ ಅಡ್ಡಹಲಗೆಯ ಮೇಲಿದೆ? ಇದನ್ನು ತಿಳಿಯಲು ಆಗದಿದ್ದರೆ, ಅವಳ ಪಾಲಿಗೆ ಆ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪುಸ್ತಕವನ್ನೂ ಓದುಗರನ್ನೂ ಸೇರಿಸುವುದಕ್ಕೆ ಒಂದು ತಂತ್ರಜ್ಞಾನವಿದೆ. ಅದು ಕಂಪ್ಯೂಟರಿನಿಂದ ಶುರುವಾದದ್ದಲ್ಲ. ಒಂದು ಚೀಟಿ, ಒಂದು ಅಂಕಿ, ಒಂದು ಪಟ್ಟಿಯಿಂದ ಶುರುವಾದದ್ದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಪುಸ್ತಕಕ್ಕೊಂದು ವಿಳಾಸ

ಅಂಚೆಯವರು ನಿಮ್ಮ ಮನೆಗೆ ಕಾಗದ ತಂದುಕೊಡುವುದು ಹೇಗೆ? ವಿಳಾಸ ನೋಡಿ ಅಲ್ಲವೇ? ಜಿಲ್ಲೆ, ತಾಲೂಕು, ಗ್ರಾಮ, ಮನೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತಾರೆ. ಪುಸ್ತಕಗಳಿಗೂ ಇಂಥದೇ ವಿಳಾಸ ಕೊಡಬಹುದು.

1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬ ಗ್ರಂಥಪಾಲಕರು ಒಂದು ಉಪಾಯವನ್ನು ಪ್ರಕಟಿಸಿದರು. ಮನುಷ್ಯನ ತಿಳಿವಳಿಕೆಯನ್ನೆಲ್ಲ ಅವರು ಹತ್ತು ಭಾಗ ಮಾಡಿದರು.

000 – ಸಾಮಾನ್ಯ ವಿಷಯಗಳು, ವಿಶ್ವಕೋಶಗಳು
100 – ತತ್ತ್ವಶಾಸ್ತ್ರ, ಮನಶ್ಶಾಸ್ತ್ರ
200 – ಧರ್ಮ
300 – ಸಮಾಜ ವಿಜ್ಞಾನ
400 – ಭಾಷೆ
500 – ವಿಜ್ಞಾನ, ಗಣಿತ
600 – ತಂತ್ರಜ್ಞಾನ, ವೈದ್ಯಕೀಯ, ಕೃಷಿ
700 – ಕಲೆ, ಆಟ
800 – ಸಾಹಿತ್ಯ
900 – ಇತಿಹಾಸ, ಭೂಗೋಳ

ಪ್ರತಿ ಭಾಗದಲ್ಲಿ ಮತ್ತೆ ಹತ್ತು ಭಾಗ, ಅದರಲ್ಲಿ ಮತ್ತೆ ಹತ್ತು ಭಾಗ. ಅದೂ ಸಾಲದಿದ್ದರೆ ದಶಮಾಂಶ ಬಿಂದು ಹಾಕಿ ಇನ್ನೂ ಮುಂದೆ ಹೋಗಬಹುದು. 500 ವಿಜ್ಞಾನ, 590 ಪ್ರಾಣಿಗಳು, 598 ಹಕ್ಕಿಗಳು. ಕೀಟಗಳಿಗೆ 595.7, ಹಾವುಗಳಿಗೆ 597.96. ಯಕ್ಷಗಾನದಂಥ ರಂಗಕಲೆಗೆ 792. ಕನ್ನಡ ಸಾಹಿತ್ಯಕ್ಕೆ 894.814. ನೀವು ಗಣಿತದಲ್ಲಿ ಕಲಿಯುವ ದಶಮಾಂಶ ಸಂಖ್ಯೆಗಳು ಇಲ್ಲಿ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸುತ್ತವೆ. 597.96 ಮೊದಲೋ, 598 ಮೊದಲೋ ಎಂದು ತಿಳಿದವರು ಪುಸ್ತಕವನ್ನು ಸರಿಯಾದ ಜಾಗದಲ್ಲಿ ಇಡಬಲ್ಲರು.

ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನವನ್ನು ಬೆಳೆಸಿದವರು ಎಸ್. ಆರ್. ರಂಗನಾಥನ್. ಅವರು ಮೊದಲು ಗಣಿತದ ಮೇಷ್ಟ್ರು. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ನಿಮ್ಮದೇ ಜಿಲ್ಲೆಯ ಮಂಗಳೂರಿನ ಸರ್ಕಾರಿ ಕಾಲೇಜಿಗೆ! 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರವನ್ನು ಆರಂಭಿಸಿದರು. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

1931ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ರಂಗನಾಥನ್ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಪುಸ್ತಕ ಇರುವುದು ಬಳಸುವುದಕ್ಕೆ, ಬರೀ ಕಾಪಾಡುವುದಕ್ಕಲ್ಲ ಎಂಬುದು ಮೊದಲನೆಯದರ ಸಾರ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಓದುಗ ಸಿಗಬೇಕು, ಹುಡುಕುವವರ ಸಮಯ ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಎಂಬುದು ಉಳಿದವುಗಳ ಸಾರ. ಒಂದಾನೊಂದು ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರು. ಈಗ ಸರಪಳಿ ಇಲ್ಲ. ಆದರೆ ಬೀಗ ಹಾಕಿದ ಕಪಾಟೂ ಒಂದು ಸರಪಳಿಯೇ ಅಲ್ಲವೇ?

ಒಂದು ಪುಸ್ತಕ, ಹಲವು ಬಾಗಿಲು

ಈಗ ನಮ್ಮ ಪ್ರಶ್ನೆಗೆ ಬರೋಣ. ಮೈಲುತುತ್ತಿನ ಉತ್ತರವಿರುವ ಪುಸ್ತಕವನ್ನು ಎಲ್ಲಿ ಇಡಬೇಕು? ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಹಾಗಾದರೆ 540ರಲ್ಲಿ, ರಸಾಯನ ವಿಜ್ಞಾನದ ಜೊತೆ ಇಡಬೇಕೇ? ಅಥವಾ ಗಿಡಗಳ ರೋಗದ ವಿಷಯವಾದ್ದರಿಂದ 632ರಲ್ಲಿ, ಕೃಷಿಯ ಪುಸ್ತಕಗಳ ನಡುವೆ ಇಡಬೇಕೇ? ಎರಡೂ ಸರಿ. ಆದರೆ ಒಂದು ಪುಸ್ತಕ ಒಂದೇ ಸಮಯದಲ್ಲಿ ಎರಡು ಕಡೆ ನಿಲ್ಲಲಾರದು.

ಇದಕ್ಕೆ ಗ್ರಂಥಪಾಲಕರು ಕಂಡುಕೊಂಡ ಉಪಾಯ ಬಹಳ ಸರಳ. ಪುಸ್ತಕ ಒಂದೇ ಕಡೆ ಇರಲಿ, ಅದರ ಬಗ್ಗೆ ಹೇಳುವ ಚೀಟಿಗಳು ಹಲವು ಇರಲಿ. ಪುಸ್ತಕದ ಹೆಸರಿಗೊಂದು ಚೀಟಿ, ಬರೆದವರ ಹೆಸರಿಗೊಂದು ಚೀಟಿ, ವಿಷಯಗಳಿಗೆ ಮೂರು ನಾಲ್ಕು ಚೀಟಿ. 'ಅಡಿಕೆ', 'ಕೊಳೆರೋಗ', 'ಮೈಲುತುತ್ತು', 'ತಾಮ್ರ' – ಯಾವ ಚೀಟಿ ತೆಗೆದರೂ ಅದರಲ್ಲಿ ಒಂದೇ ವಿಳಾಸ ಇರುತ್ತದೆ: 632. ಮನೆ ಒಂದು, ಬಾಗಿಲು ಹಲವು.

ಈ ಚೀಟಿ ಬರೆಯುವವರಿಗೆ ಓದುಗರ ಮಾತು ಗೊತ್ತಿರಬೇಕು. ಪುತ್ತೂರಿನ ಕಡೆ ಎಷ್ಟೋ ಮಕ್ಕಳ ಮನೆಮಾತು ತುಳು. ಅಡಿಕೆಗೆ ಅವರು 'ಬಜ್ಜೆಯಿ' ಎನ್ನುತ್ತಾರೆ, ಅಡಿಕೆ ಮರಕ್ಕೆ 'ಕಂಗ್' ಎನ್ನುತ್ತಾರೆ. ಕೊಳೆರೋಗವನ್ನು 'ಮಹಾಳಿ' ಎನ್ನುವವರೂ ಇದ್ದಾರೆ. ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವ ಮನೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. 'ಬಜ್ಜೆಯಿ – ಅಡಿಕೆ ನೋಡಿ' ಎಂದು ಒಂದು ಚೀಟಿ ಬರೆದಿಟ್ಟರೆ, ಈಗಷ್ಟೇ ಕನ್ನಡ ಓದಲು ಕಲಿಯುತ್ತಿರುವ ಮಗುವಿಗೂ ದಾರಿ ಸಿಗುತ್ತದೆ. ಈ ಚೀಟಿಯನ್ನು ಬೇರೆ ಊರಿನಲ್ಲಿ ಕುಳಿತವರು ಬರೆಯಲಾರರು. ನೀವೇ ಬರೆಯಬೇಕು.

ಅಂದ ಹಾಗೆ, ಆ ಪುಸ್ತಕ ಸಿಕ್ಕಿದ ಮೇಲೆ ಅದರಲ್ಲಿ ಏನಿರುತ್ತದೆ ಗೊತ್ತೇ? ಮೈಲುತುತ್ತಿನ ದ್ರಾವಣ ಆಮ್ಲೀಯ. ಅದನ್ನು ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ, ಎಲೆಗಳು ಸುಟ್ಟಂತಾಗುತ್ತವೆ. ಸುಣ್ಣ ಪ್ರತ್ಯಾಮ್ಲ. ಅದು ಆಮ್ಲೀಯ ಗುಣವನ್ನು ತಗ್ಗಿಸುತ್ತದೆ. ಜೊತೆಗೆ ನೀರಿನಲ್ಲಿ ಸುಲಭವಾಗಿ ಕರಗದ ತಾಮ್ರದ ಸಂಯುಕ್ತಗಳು ಉಂಟಾಗಿ ಕಾಯಿಗೆ ಅಂಟಿಕೊಳ್ಳುತ್ತವೆ. ಮಳೆ ಬಂದರೂ ಬೇಗ ತೊಳೆದುಹೋಗುವುದಿಲ್ಲ. ಸುಣ್ಣ ಬೆರೆಸುವ ಕಾರಣ ಇದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದರೆ ಶೇಕಡಾ 1ರ ಬೋರ್ಡೋ ದ್ರಾವಣವಾಗುತ್ತದೆ. ಫ್ರಾನ್ಸ್ ದೇಶದ ಬೋರ್ಡೋ ಪ್ರದೇಶದಲ್ಲಿ ದ್ರಾಕ್ಷಿ ಬಳ್ಳಿಗಳಿಗೆಂದು 1880ರ ದಶಕದಲ್ಲಿ ಬಳಕೆಗೆ ಬಂದದ್ದು ಇದು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಎಲ್ಲಿಯದೋ ದ್ರಾಕ್ಷಿ ತೋಟದ ತಿಳಿವಳಿಕೆ ನಿಮ್ಮ ಅಡಿಕೆ ತೋಟಕ್ಕೆ ಬಂದದ್ದು ಬರೆದಿಟ್ಟದ್ದನ್ನು ಯಾರೋ ಹುಡುಕಿ ಓದಿದ್ದರಿಂದ.

(ಎಚ್ಚರಿಕೆ: ಮೈಲುತುತ್ತು ವಿಷ. ಮಕ್ಕಳು ಅದನ್ನು ಮುಟ್ಟಬಾರದು, ಬೆರೆಸಿ ನೋಡಬಾರದು.)

ಹತ್ತೇ ಹೆಜ್ಜೆ!

1000 ಚೀಟಿಗಳಲ್ಲಿ ಒಂದನ್ನು ಹುಡುಕಲು ಎಷ್ಟು ಸಲ ನೋಡಬೇಕು? ಚೀಟಿಗಳು ರಾಶಿಯಾಗಿ ಬಿದ್ದಿದ್ದರೆ, ಅದೃಷ್ಟ ಕೆಟ್ಟರೆ 1000 ಸಲ. ಅಕ್ಷರ ಕ್ರಮದಲ್ಲಿ ಜೋಡಿಸಿದ್ದರೆ?

ಮಾಡಿ ನೋಡಿ – 1

ನಿಮ್ಮ ಗೆಳೆಯನಿಗೆ 1ರಿಂದ 1000ದೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಹೇಳಿ. ನೀವು ಪ್ರಶ್ನೆ ಕೇಳುತ್ತಾ ಹೋಗಿ. ಅವನು 'ಹೌದು' ಅಥವಾ 'ಅಲ್ಲ' ಎಂದಷ್ಟೇ ಹೇಳಬೇಕು.

"500ಕ್ಕಿಂತ ದೊಡ್ಡದೇ?" ಎಂದು ಮೊದಲು ಕೇಳಿ. 'ಅಲ್ಲ' ಎಂದರೆ ಉಳಿದದ್ದು 500 ಸಂಖ್ಯೆ. "250ಕ್ಕಿಂತ ದೊಡ್ಡದೇ?" ಎಂದರೆ ಉಳಿಯುವುದು 250. ಹೀಗೆ ಪ್ರತಿ ಸಲವೂ ಉಳಿದುದರ ನಡುವಿನ ಸಂಖ್ಯೆಯನ್ನು ಹಿಡಿದು ಕೇಳಿ. 1000, 500, 250, 125, 63, 32, 16, 8, 4, 2, 1. ಹೆಚ್ಚೆಂದರೆ ಹತ್ತು ಪ್ರಶ್ನೆಗಳಲ್ಲಿ ಸಂಖ್ಯೆ ಸಿಕ್ಕಿಬಿಡುತ್ತದೆ!

ನಿಘಂಟಿನಲ್ಲಿ ಪದ ಹುಡುಕುವಾಗ ನೀವು ನಡುವಿನ ಪುಟ ತೆರೆದು ಹಿಂದೆ ಮುಂದೆ ಹೋಗುವುದಿಲ್ಲವೇ? ಅದೂ ಇದೇ ರೀತಿ. ಚೀಟಿಗಳು 2000 ಆದರೆ ಇನ್ನೊಂದೇ ಹೆಜ್ಜೆ ಹೆಚ್ಚು. ಒಂದು ಲಕ್ಷವಾದರೂ 17 ಹೆಜ್ಜೆ ಸಾಕು. ಕ್ರಮವಾಗಿ ಜೋಡಿಸಿದ್ದರ ಶಕ್ತಿ ಇದು. ಕಂಪ್ಯೂಟರ್ ಕೂಡ ಇಂಥ ಜೋಡಿಸಿದ ಪಟ್ಟಿಗಳ ಸಹಾಯದಿಂದಲೇ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ. ಅದು ಪುಸ್ತಕಗಳನ್ನು ಓದಿ ಹುಡುಕುತ್ತಿಲ್ಲ. ನಾವು ಬರೆದುಕೊಟ್ಟ ಚೀಟಿಗಳನ್ನು ಬಹಳ ವೇಗವಾಗಿ ನೋಡುತ್ತಿದೆ, ಅಷ್ಟೇ.

ಕಂಪ್ಯೂಟರಿಗೆ 'ಕ' ಎಂದರೆ 3221

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಆದ್ದರಿಂದ ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಈ ಏರ್ಪಾಟಿನ ಹೆಸರು ಯೂನಿಕೋಡ್. 1991ರಿಂದ ಇದು ಬಳಕೆಗೆ ಬಂತು. ಇದರಲ್ಲಿ 'ಅ' ಅಕ್ಷರಕ್ಕೆ 3205, 'ಕ'ಗೆ 3221, 'ಮ'ಗೆ 3246. 'ಕಾ' ಎಂದು ಬರೆದರೆ 'ಕ'ದ 3221 ಮತ್ತು ದೀರ್ಘದ ಗುರುತಿನ 3262 ಎಂಬ ಎರಡು ಸಂಖ್ಯೆಗಳು. ಹಿಂದೆ ಬೇರೆ ಬೇರೆ ಅಕ್ಷರಶೈಲಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿದ್ದವು. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಪಟ್ಟಿಯನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತಿದ್ದವು. ಆದ್ದರಿಂದ ಪುಸ್ತಕಗಳ ಪಟ್ಟಿಯನ್ನು ಯೂನಿಕೋಡ್‌ನಲ್ಲಿಯೇ ಬರೆಯಬೇಕು.

ಇಲ್ಲೊಂದು ತಮಾಷೆ ಇದೆ. ಯೂನಿಕೋಡ್‌ನಲ್ಲಿ 'ಳ'ಗೆ 3251, 'ವ'ಗೆ 3253. ಬರೀ ಸಂಖ್ಯೆಯಂತೆ ಜೋಡಿಸಿದರೆ 'ಕಳೆ' ಮೊದಲು, 'ಕವಚ' ಆಮೇಲೆ ಬರುತ್ತದೆ. ಆದರೆ ನಮ್ಮ ವರ್ಣಮಾಲೆಯಲ್ಲಿ 'ವ' ಮೊದಲು, 'ಹ' ಆದ ಮೇಲೆ 'ಳ'. ಆದ್ದರಿಂದ ಕನ್ನಡದ ಅಕ್ಷರ ಕ್ರಮವನ್ನು ಕಂಪ್ಯೂಟರಿಗೆ ಪ್ರತ್ಯೇಕವಾಗಿ ಹೇಳಿಕೊಡಬೇಕು.

ಇನ್ನೊಂದು ತೊಂದರೆಯನ್ನು ಪುತ್ತೂರಿನದೇ ಉದಾಹರಣೆಯಿಂದ ನೋಡೋಣ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ವಾಸವಾಗಿದ್ದ ಶಿವರಾಮ ಕಾರಂತರು (1902–1997) ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದರು. ಮುಂದೆ 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಅವರ ಪುಸ್ತಕಗಳನ್ನು ನಿಮ್ಮ ಶಾಲೆಯ ಪಟ್ಟಿಯಲ್ಲಿ ಮೂವರು ಮೂರು ರೀತಿ ಬರೆದರು ಎಂದುಕೊಳ್ಳಿ. ಒಬ್ಬರು 'ಡಾ. ಶಿವರಾಮ ಕಾರಂತ' ಎಂದು, ಇನ್ನೊಬ್ಬರು 'ಕೋಟ ಶಿವರಾಮ ಕಾರಂತ' ಎಂದು, ಮತ್ತೊಬ್ಬರು 'ಕಾರಂತ್ ಕೆ. ಎಸ್.' ಎಂದು. ನಮಗೆ ಮೂವರೂ ಒಬ್ಬರೇ ಎಂದು ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಅಕ್ಷರ ಕ್ರಮದ ಪಟ್ಟಿಯಲ್ಲಿ ಒಂದು 'ಡ'ದಲ್ಲಿ, ಉಳಿದೆರಡು 'ಕ'ದ ಬೇರೆ ಬೇರೆ ಜಾಗಗಳಲ್ಲಿ ಕುಳಿತುಬಿಡುತ್ತವೆ. 'ಶಿವರಾಮ ಕಾರಂತ' ಎಂದು ಹುಡುಕಿದವರಿಗೆ ಮೂರನೆಯದು ಸಿಗುವುದೇ ಇಲ್ಲ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ, ಯಂತ್ರ ಮಾತ್ರ 'ಇಲ್ಲ' ಎನ್ನುತ್ತದೆ!

ಆದ್ದರಿಂದ ಪಟ್ಟಿ ಬರೆಯುವ ಮೊದಲೇ ಒಂದು ನಿಯಮ ಮಾಡಿಕೊಳ್ಳಬೇಕು. ಒಬ್ಬ ಲೇಖಕರ ಹೆಸರನ್ನು ಯಾವಾಗಲೂ ಒಂದೇ ರೀತಿ ಬರೆಯಬೇಕು. ಬೇರೆ ರೂಪಗಳಿದ್ದರೆ 'ಇಲ್ಲಿ ನೋಡಿ' ಎಂದು ದಾರಿ ತೋರಿಸಬೇಕು.

ಗೆರೆಗಳ ಗುಟ್ಟು

ಈಚಿನ ಪುಸ್ತಕಗಳ ಹಿಂಬದಿಯಲ್ಲಿ ಕಪ್ಪು ಗೆರೆಗಳ ಒಂದು ಚಿತ್ರವಿರುತ್ತದೆ. ಇದು ಬಾರ್‌ಕೋಡ್. ಓದುವ ಯಂತ್ರ ಇದರ ಮೇಲೆ ಬೆಳಕು ಬೀರುತ್ತದೆ. ಬಿಳಿ ಜಾಗ ಬೆಳಕನ್ನು ಪ್ರತಿಫಲಿಸುತ್ತದೆ, ಕಪ್ಪು ಗೆರೆ ಹೀರಿಕೊಳ್ಳುತ್ತದೆ. ಹಿಂದಿರುಗಿದ ಬೆಳಕಿನ ಏರಿಳಿತವನ್ನು ಯಂತ್ರ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಗೆರೆಗಳ ಮತ್ತು ನಡುವಿನ ಜಾಗಗಳ ಅಗಲದಲ್ಲಿ ಅಂಕಿಗಳು ಅಡಗಿವೆ. ಬೇಸಿಗೆಯಲ್ಲಿ ಕಪ್ಪು ಕೊಡೆ ಹೆಚ್ಚು ಬಿಸಿಯಾಗುವುದೂ ಕಪ್ಪು ಬಣ್ಣ ಬೆಳಕನ್ನು ಹೀರುವುದರಿಂದಲೇ.

ಗೆರೆಗಳ ಬಳಿ 13 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಇದು ಪುಸ್ತಕಗಳ ಅಂತರರಾಷ್ಟ್ರೀಯ ಸಂಖ್ಯೆ, ಐಎಸ್‌ಬಿಎನ್. 2007ಕ್ಕೆ ಮೊದಲು ಇದರಲ್ಲಿ 10 ಅಂಕಿಗಳಿದ್ದವು. 978ರ ನಂತರ 81 ಅಥವಾ 93 ಬಂದರೆ ಆ ಪುಸ್ತಕ ಭಾರತದಲ್ಲಿ ಪ್ರಕಟವಾದದ್ದು ಎಂದು ತಿಳಿಯಬಹುದು. ಕೊನೆಯ ಅಂಕಿ ಒಬ್ಬ ಕಾವಲುಗಾರ. ಸಂಖ್ಯೆ ಬರೆಯುವಾಗ ತಪ್ಪಾದರೆ ಅದು ಹಿಡಿದುಕೊಡುತ್ತದೆ.

ಮಾಡಿ ನೋಡಿ – 2

ಲೆಕ್ಕಕ್ಕೆಂದು ಮಾಡಿಕೊಂಡ ಈ ಸಂಖ್ಯೆಯನ್ನು ನೋಡಿ: 9788112345677. ಕೊನೆಯ 7ನ್ನು ಬಿಟ್ಟು ಉಳಿದ 12 ಅಂಕಿಗಳನ್ನು ತೆಗೆದುಕೊಳ್ಳಿ. ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು 1ರಿಂದ, ನಾಲ್ಕನೆಯದನ್ನು 3ರಿಂದ – ಹೀಗೆ ಗುಣಿಸುತ್ತಾ ಹೋಗಿ ಎಲ್ಲವನ್ನೂ ಕೂಡಿಸಿ.

9 + 21 + 8 + 24 + 1 + 3 + 2 + 9 + 4 + 15 + 6 + 21 = 123

123ರ ನಂತರ ಬರುವ ಹತ್ತರ ಗುಣಕ 130. 130ರಲ್ಲಿ 123 ಕಳೆದರೆ 7. ಕೊನೆಯ ಅಂಕಿಯೂ 7. ಸಂಖ್ಯೆ ಸರಿಯಾಗಿದೆ!

ಈಗ ನಡುವಿನ 45ನ್ನು ತಪ್ಪಾಗಿ 54 ಎಂದು ಬರೆಯಿರಿ. ಮೊತ್ತ 121 ಆಗುತ್ತದೆ. ಕೊನೆಯ ಅಂಕಿ 9 ಇರಬೇಕಿತ್ತು, ಆದರೆ 7 ಇದೆ. ತಪ್ಪು ಸಿಕ್ಕಿಬಿತ್ತು! ನಿಮ್ಮ ಶಾಲೆಯ ಒಂದು ಪುಸ್ತಕದ ಸಂಖ್ಯೆಯನ್ನು ಹೀಗೆ ಪರೀಕ್ಷಿಸಿ.

ಐಎಸ್‌ಬಿಎನ್ ಒಂದು ಮುದ್ರಣದ ಎಲ್ಲ ಪ್ರತಿಗಳಿಗೂ ಒಂದೇ. ಆದರೆ ಶಾಲೆಯಲ್ಲಿ ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಯಾವ ಪ್ರತಿ ಯಾರ ಮನೆಯಲ್ಲಿದೆ ಎಂದು ತಿಳಿಯಬೇಕಲ್ಲವೇ? ಅದಕ್ಕೆ ದಾಸ್ತಾನು ವಹಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಮಸಂಖ್ಯೆ ಕೊಡುತ್ತಾರೆ. ದೊಡ್ಡ ಗ್ರಂಥಾಲಯಗಳಲ್ಲಿ ಆ ಸಂಖ್ಯೆಯ ಬಾರ್‌ಕೋಡ್ ಚೀಟಿಯನ್ನೇ ಪುಸ್ತಕಕ್ಕೆ ಅಂಟಿಸುತ್ತಾರೆ. ಇಂಥ ಕೆಲಸಕ್ಕೆ ಉಚಿತ ತಂತ್ರಾಂಶಗಳಿವೆ. ನ್ಯೂಜಿಲೆಂಡಿನ ಒಂದು ಗ್ರಂಥಾಲಯದಲ್ಲಿ 2000ದಲ್ಲಿ ಬಳಕೆಗೆ ಬಂದ 'ಕೋಹಾ' ಈಗ ಅನೇಕ ದೇಶಗಳಲ್ಲಿದೆ. ನಮ್ಮ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ 'ಇ-ಗ್ರಂಥಾಲಯ' ಎಂಬುದನ್ನು ಸಿದ್ಧಪಡಿಸಿದೆ. ಚಿಕ್ಕ ಶಾಲೆಗೆ ಇವು ಇಲ್ಲದಿದ್ದರೂ ನಡೆಯುತ್ತದೆ. ಗೆರೆ ಹಾಕಿದ ಒಂದು ವಹಿ ಇದ್ದರೂ ಸಾಕು.

ಮಳೆ, ಸಿಡಿಲು ಮತ್ತು ಪುಸ್ತಕ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಬಹಳ. ಕಾಗದ ಗಿಡಮರಗಳ ನಾರಿನಿಂದ ಆದದ್ದು. ಅದು ಗಾಳಿಯ ತೇವವನ್ನು ಹೀರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65–70ಕ್ಕಿಂತ ಮೇಲೇರಿ ಹಲವು ದಿನ ಹಾಗೆಯೇ ನಿಂತರೆ, ಎಲ್ಲೆಡೆ ಇರುವ ಶಿಲೀಂಧ್ರದ ಬೀಜಕಣಗಳು ಕಾಗದದ ಮೇಲೆ ಮೊಳೆಯುತ್ತವೆ. ಇದೇ ನಾವು ಕಾಣುವ ಬೂಷ್ಟು. ಅಂಟಿನಲ್ಲಿರುವ ಗಂಜಿಯನ್ನು ತಿನ್ನಲು ಬೆಳ್ಳಿ ಬಣ್ಣದ ಪುಸ್ತಕದ ಹುಳುವೂ ಜಿರಳೆಯೂ ಬರುತ್ತವೆ. ಗೋಡೆಯಿಂದ ಗೆದ್ದಲು ಬರುತ್ತದೆ.

ಮುಚ್ಚಿದ ಕಬ್ಬಿಣದ ಕಪಾಟಿನೊಳಗೆ ಗಾಳಿಯಾಡುವುದಿಲ್ಲ. ಜೋಪಾನ ಮಾಡಬೇಕೆಂದು ಬೀಗ ಹಾಕಿಟ್ಟ ಪುಸ್ತಕವೇ ಹೀಗೆ ಬೇಗ ಹಾಳಾಗುತ್ತದೆ! ವಾರಕ್ಕೊಮ್ಮೆ ಕೈಯಿಂದ ಕೈಗೆ ಹೋಗುವ ಪುಸ್ತಕ ಗಾಳಿ ಕಾಣುತ್ತದೆ. ಹುಳು ಹಿಡಿದಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ.

ನೀವು ಹೀಗೆ ಮಾಡಬಹುದು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆ ಬಿಟ್ಟ ದಿನ ಬಾಗಿಲು ತೆರೆದಿಡಿ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ. ಒದ್ದೆಯಾದುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ನೆರಳಿನಲ್ಲಿ ಗಾಳಿಗೆ ಬಿಡಿಸಿಡಿ. ಕಡು ಬಿಸಿಲಿನಲ್ಲಿ ಬಹಳ ಹೊತ್ತು ಇಟ್ಟರೆ ಕಾಗದ ಹಳದಿಯಾಗುತ್ತದೆ. ಬೂಷ್ಟು ಹಿಡಿದ ಪುಸ್ತಕವನ್ನು ಮೂಸಬೇಡಿ. ಅದನ್ನು ಒರೆಸುವ ಕೆಲಸ ದೊಡ್ಡವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಲಿ.

ಕಂಪ್ಯೂಟರಿಗೂ ಈ ಊರಿನಲ್ಲಿ ಅಪಾಯವಿದೆ. ಮುಂಗಾರಿಗೆ ಮೊದಲು ಮತ್ತು ಮಳೆಗಾಲ ಮುಗಿಯುವಾಗ ಗುಡುಗು ಸಿಡಿಲು ಹೆಚ್ಚು. ಸಿಡಿಲು ದೂರದ ತಂತಿಗೆ ಬಡಿದರೂ ಆ ತಂತಿಯ ಮೂಲಕ ಬಂದ ವಿದ್ಯುತ್ ಯಂತ್ರವನ್ನು ಸುಡಬಹುದು. ಮೋಡ ಕವಿಯುವ ಮೊದಲೇ ಶಿಕ್ಷಕರಿಗೆ ಹೇಳಿ ವಿದ್ಯುತ್ ಮತ್ತು ದೂರವಾಣಿ ತಂತಿಗಳನ್ನು ಕಳಚಿಸಿ. ಗುಡುಗುತ್ತಿರುವಾಗ ಮುಟ್ಟಬೇಡಿ. ಪಟ್ಟಿಯ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಕಾಗದದಲ್ಲಿ ಇರಲಿ. ಕರೆಂಟು ಹೋದ ದಿನವೂ ಪುಸ್ತಕ ಸಿಗಬೇಕು.

ಯಾರೂ ಹೊರಗುಳಿಯಬಾರದು

ಪ್ರತಿಯೊಬ್ಬ ಓದುಗನಿಗೂ ಪುಸ್ತಕ ಸಿಗಬೇಕು ಎಂದಾಗ ಕಣ್ಣು ಕಾಣದ ಮಕ್ಕಳನ್ನು ಮರೆಯುವಂತಿಲ್ಲ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಎನ್‌ವಿಡಿಎ' ಎಂಬ ಉಚಿತ ತಂತ್ರಾಂಶವಿದೆ. 2006ರಲ್ಲಿ ಇದರ ಕೆಲಸ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರ ಜೊತೆ ಸೇರಿದವರು ಜೇಮ್ಸ್ ಟೆ. ಇಬ್ಬರೂ ಅಂಧರು. ಇದು ಕನ್ನಡವನ್ನೂ ಓದುತ್ತದೆ, ಬರಹ ಯೂನಿಕೋಡ್‌ನಲ್ಲಿ ಇದ್ದರೆ! 2016ರಲ್ಲಿ ಕೇಂದ್ರ ಸರ್ಕಾರ ಮುದ್ರಿತ ಪುಸ್ತಕ ಓದಲಾಗದವರಿಗಾಗಿ 'ಸುಗಮ್ಯ ಪುಸ್ತಕಾಲಯ' ಎಂಬ ಗ್ರಂಥಾಲಯವನ್ನು ಅಂತರಜಾಲದಲ್ಲಿ ತೆರೆಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಚಿತ್ರ ಕಥೆಗಳನ್ನು ಕನ್ನಡದಲ್ಲಿ ಓದಬಹುದು. ಅಲ್ಲಿ ಅವನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ನಿಧಾನವಾಗಿ ಓದುವ ಗೆಳೆಯನಿಗೆ ಕಡಿಮೆ ಪದಗಳ ಪುಸ್ತಕವನ್ನು ಇದರಿಂದ ಆರಿಸಬಹುದು.

ಮನೆಯಲ್ಲಿ ಫೋನಾಗಲಿ ಕಂಪ್ಯೂಟರಾಗಲಿ ಇಲ್ಲದ ಮಕ್ಕಳು ಏನು ಮಾಡಬೇಕು? ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಬಹುದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಶಾಲೆಯಲ್ಲಿ ಗ್ರಂಥಾಲಯ ಇರಬೇಕಾದದ್ದು ಯಾರದೋ ದಯೆಯಿಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಕಥೆ ಪುಸ್ತಕವೂ ಸೇರಿ ಎಲ್ಲ ವಿಷಯಗಳ ಪುಸ್ತಕ ಇರಬೇಕು ಎಂದು ಹೇಳುತ್ತದೆ.

ಆದರೆ ಒಂದು ಮಾತು. ಯಂತ್ರಕ್ಕೆ 'ಬಜ್ಜೆಯಿ' ಎಂದರೇನೆಂದು ಯಾರಾದರೂ ಹೇಳಿಕೊಡಬೇಕು. ಕೇಳಲು ಸಂಕೋಚಪಡುವ ಮಗು ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದರೆ ಯಂತ್ರಕ್ಕೆ ತಿಳಿಯುವುದಿಲ್ಲ. "ಏನು ಹುಡುಕುತ್ತಿದ್ದೀಯಾ?" ಎಂದು ಕೇಳುವ ಒಬ್ಬ ಗೆಳತಿ ಅಥವಾ ಶಿಕ್ಷಕರು ಅಲ್ಲಿ ಇರಲೇಬೇಕು.

ನಿಮ್ಮ ಶಾಲೆಯಲ್ಲಿ ಮಾಡಿ

1. ಐದಾರು ಮಕ್ಕಳ 'ಪುಸ್ತಕ ಮಿತ್ರರ' ಗುಂಪು ಮಾಡಿ. ವಾರಕ್ಕೊಮ್ಮೆ ಸರದಿ ಬದಲಿಸಿ.
2. ದಾಸ್ತಾನು ವಹಿಯ ಕ್ರಮಸಂಖ್ಯೆ ಪ್ರತಿ ಪುಸ್ತಕದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಶಿಕ್ಷಕರ ಸಹಾಯದಿಂದ ಬರೆಯಿರಿ.
3. ಪುಸ್ತಕದ ಬೆನ್ನಿಗೆ ಬಣ್ಣದ ಕಾಗದದ ಪಟ್ಟಿ ಅಂಟಿಸಿ. ಕಥೆಗೆ ಹಳದಿ, ವಿಜ್ಞಾನಕ್ಕೆ ಹಸಿರು, ಹೀಗೆ. ಓದಲು ಬಾರದ ಒಂದನೇ ತರಗತಿಯವರೂ ಪುಸ್ತಕವನ್ನು ಅದರ ಜಾಗಕ್ಕೆ ಇಡಬಲ್ಲರು.
4. ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಚೀಟಿ ಮಾಡಿ. ಪ್ರತಿ ಪುಸ್ತಕಕ್ಕೆ ಮೂರು ಚೀಟಿ: ಹೆಸರು, ಲೇಖಕರು, ವಿಷಯ. ಅಕ್ಷರ ಕ್ರಮದಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಿ.
5. 'ಪ್ರಶ್ನೆ ವಹಿ' ಒಂದನ್ನು ಇಡಿ. ಮಕ್ಕಳು ಕೇಳಿದ ಪ್ರಶ್ನೆ, ಉತ್ತರ ಸಿಕ್ಕಿದ ಪುಸ್ತಕ ಮತ್ತು ಪುಟವನ್ನು ಬರೆಯಿರಿ. ಉತ್ತರ ಸಿಗದ ಪ್ರಶ್ನೆಗೆ ಕೆಂಪು ಗುರುತು ಹಾಕಿ. ಮುಂದೆ ಯಾವ ಪುಸ್ತಕ ಕೊಳ್ಳಬೇಕು ಎಂಬುದಕ್ಕೆ ಆ ಗುರುತುಗಳೇ ದಾರಿ ತೋರಿಸುತ್ತವೆ.
6. ಕಂಪ್ಯೂಟರ್ ಇದ್ದರೆ ಇದೇ ಚೀಟಿಗಳನ್ನು ಅದರಲ್ಲಿ ತುಂಬಿಸಿ. ಚೀಟಿ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಯೋಚಿಸಿ, ಉತ್ತರಿಸಿ

1. 595.7, 598, 597.96, 540, 632 – ಈ ಸಂಖ್ಯೆಯ ಪುಸ್ತಕಗಳನ್ನು ಕ್ರಮವಾಗಿ ಜೋಡಿಸಿ.
2. ಗೇರುಬೀಜದ ಬಗ್ಗೆ ಒಂದು ಪುಸ್ತಕವಿದೆ. ಅದಕ್ಕೆ ಯಾವ ಯಾವ ವಿಷಯ ಚೀಟಿ ಬರೆಯುತ್ತೀರಿ? ನಿಮ್ಮ ಮನೆಮಾತಿನ ಪದವನ್ನೂ ಸೇರಿಸಿ.
3. ನಿಮ್ಮ ಶಾಲೆಯಲ್ಲಿ 500 ಪುಸ್ತಕಗಳಿದ್ದರೆ, ಕ್ರಮವಾಗಿ ಜೋಡಿಸಿದ ಚೀಟಿಗಳಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ ಎಷ್ಟು ಹೆಜ್ಜೆ ಬೇಕು?
4. ಐಎಸ್‌ಬಿಎನ್‌ನಲ್ಲಿ ಅಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಕಾವಲು ಅಂಕಿ ಅದನ್ನು ಹಿಡಿಯಲಾರದು. ಏಕೆ? ಲೆಕ್ಕ ಮಾಡಿ ನೋಡಿ. (ಸುಳಿವು: ಇವೆರಡರ ವ್ಯತ್ಯಾಸ 5.)

ಶಿಕ್ಷಕರಿಗೆ: ಪುಸ್ತಕ ಕಳೆದೀತು ಎಂಬ ಆತಂಕ ಸಹಜ. ಮಕ್ಕಳೇ ನಡೆಸುವ ವಿತರಣಾ ವಹಿಯಿಂದ ಈ ಆತಂಕ ಬಹಳಷ್ಟು ಕಡಿಮೆಯಾಗುತ್ತದೆ. ಹರಿದ ಪುಸ್ತಕವನ್ನು ಮಕ್ಕಳಿಂದಲೇ ಅಂಟಿಸಿ ಹೊಲಿಸಿ. ತಿಂಗಳ ಕೊನೆಗೆ ಎಷ್ಟು ಪುಸ್ತಕ ಹೊರಗೆ ಹೋದವು, ಯಾವ ಮಗು ಒಂದನ್ನೂ ಒಯ್ಯಲಿಲ್ಲ ಎಂದು ವಹಿಯಲ್ಲಿ ನೋಡಿ. ಆ ಮಗುವಿಗೆ ಯಾವ ಪುಸ್ತಕ ಹಿಡಿಸೀತು ಎಂದು ಹುಡುಕುವುದು ಮುಂದಿನ ತಿಂಗಳ ಮೊದಲ ಕೆಲಸವಾಗಲಿ.